ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಕಿದ ಮೇಲೆ: ಹಳೆಯ ಎಂಜಿಬಿಯೊಂದರ ಬ್ರೇಕ್ ಪ್ರಕರಣ

ಕಾಸರಗೋಡು ಜಿಲ್ಲೆಯ ಒಳನಾಡಿನ ಅಡಿಕೆ ತೋಟದ ಮನೆಯೊಂದರ ಕಾರು ಇದು. ಎರಡು ಸೀಟಿನ, ಕ್ಯಾನ್ವಾಸ್ ಹುಡ್ಡಿನ ಎಂಜಿಬಿ, 60ರ ದಶಕದ ಕೊನೆಯದ್ದು. ಮಾಲೀಕರ ಹೆಸರು, ಊರು, ಕಾರಿನ ಬಣ್ಣ ಇಲ್ಲಿ ಬರುವುದಿಲ್ಲ. ಇಂಥ ಕಾರು ಇರುವ ಮನೆಗಳು ನಮ್ಮ ಕಡೆ ಕಡಿಮೆ, ಹಾಗಾಗಿ ಗುರುತು ಹತ್ತುವಂಥ ಇನ್ನೂ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬ್ರೇಕಿನ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ. ನಾನು ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಕಲಿಸಿ ನಿವೃತ್ತನಾದವನು. ಈ ಕೆಲಸಕ್ಕೆ ನನ್ನನ್ನು ಕರೆದದ್ದು ಅರ್ಧ ಹಣ ಖರ್ಚಾದ ಮೇಲೆ.

ಕಾರು, ಮನೆ, ಗರಾಜು

ಎಂಜಿಬಿ ಇಂಗ್ಲೆಂಡಿನ ಅಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು. ಐದು ಲಕ್ಷಕ್ಕೂ ಹೆಚ್ಚು ಹೊರಬಂದದ್ದರಿಂದ ಇದರ ಬಿಡಿಭಾಗ ಇವತ್ತಿಗೂ ಹೊಸದಾಗಿ ಸಿಗುತ್ತದೆ, ತರಿಸುವ ತಾಳ್ಮೆ ಬೇಕು ಅಷ್ಟೆ. 1798 ಸಿಸಿ ಎಂಜಿನ್, ನಾಲ್ಕು ಗೇರ್, ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಓವರ್‌ಡ್ರೈವ್ ಕೂಡ ಈ ಕಾರಿಗೆ ಉಂಟು. ಮುಂದೆ ಹತ್ತು ಮುಕ್ಕಾಲು ಇಂಚಿನ, ಅಂದರೆ 273 ಮಿ.ಮೀ. ಡಿಸ್ಕ್, ಅದನ್ನು ಪಿಸ್ಟನ್ ಮತ್ತು ಪ್ಯಾಡಿನಿಂದ ಎರಡು ಬದಿಗೂ ಒತ್ತಿ ಹಿಡಿಯುವುದು ಕ್ಯಾಲಿಪರ್. ಹಿಂದೆ ಹತ್ತು ಇಂಚಿನ ಡ್ರಮ್, ಅದನ್ನು ಒಳಗಿನಿಂದ ಒತ್ತುವುದು ಶೂ. ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಇಲ್ಲ. ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, ಮುಕ್ಕಾಲು ಇಂಚು, ಸಿಂಗಲ್ ಸರ್ಕ್ಯೂಟ್. ಎಲ್ಲಿ ಸೋರಿದರೂ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೇ ಹೋಗುತ್ತದೆ, ಮತ್ತೆ ಉಳಿಯುವುದು ಹ್ಯಾಂಡ್‌ಬ್ರೇಕ್.

ಮಾಲೀಕರು ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದವರು. ಕಾರು ಕೈಬದಲಾಗುತ್ತ ಮುಂಬೈಯಲ್ಲಿ ನಿಂತಿದ್ದನ್ನು ಲಾರಿಯ ಮೇಲೆ ತರಿಸಿದರು. ಪೈಂಟು, ಸೀಟು, ಕ್ರೋಮ್, ವೈರಿಂಗು ಎಲ್ಲ ಹೊಸದಾಯಿತು. ಬ್ರೇಕಿಗೆ ಆಗ ಹಾಕಿದ್ದು ಪ್ಯಾಡ್ ಮಾತ್ರ. ಕೆಲಸ ಮಾಡಿದವರು ಹೆದ್ದಾರಿ ಬದಿಯ ಒಂದು ಸಣ್ಣ ಗರಾಜಿನ ಹಿರಿಯ ಮೇಸ್ತ್ರಿ. ಊರಲ್ಲಿ ಎಲ್ಲರಿಗೂ ಅವರು ಇಚ್ಚ, ಇಲ್ಲಿಯೂ ಹಾಗೆಯೇ ಇರಲಿ. ಅಂಬಾಸಿಡರ್, ಫಿಯಟ್, ಜೀಪುಗಳಲ್ಲಿ ಕೈ ಪಳಗಿದವರು. ಬ್ರಿಟಿಷ್ ಇಂಚಿನ ಸ್ಪ್ಯಾನರ್ ಸೆಟ್ ಇನ್ನೂ ಇಟ್ಟುಕೊಂಡ ಗರಾಜುಗಳು ನಮ್ಮ ಕಡೆ ಎಷ್ಟಿವೆಯೋ, ಅವರದ್ದು ಒಂದು.

ದೂರು

ಮನೆಯಲ್ಲಿ ದೂರಿಗೆ ಇದ್ದದ್ದು ಒಂದೇ ಹೆಸರು: ಬ್ರೇಕ್ ಸಾಲದು. ಬಿಡಿಸಿ ಕೇಳಿದ್ದರೆ ಅದರೊಳಗೆ ಮೂರು ನಾಲ್ಕು ಬೇರೆ ಬೇರೆ ದೂರುಗಳಿದ್ದವು, ಆದರೆ ಆ ಹೊತ್ತಿಗೆ ಯಾರೂ ಬಿಡಿಸಿ ಕೇಳಿರಲಿಲ್ಲ.

ಮಾಲೀಕರ ದಿನಬಳಕೆಯ ಗಾಡಿ ಎಬಿಎಸ್ ಇರುವ ಹೊಸ ಹ್ಯಾಚ್‌ಬ್ಯಾಕ್. ಅದರಲ್ಲಿ ಬೆರಳ ತುದಿಯಷ್ಟು ಒತ್ತಿದರೂ ಸಾಕು. ಅದರಿಂದ ಇಳಿದು ಎಂಜಿಬಿ ಹತ್ತಿದರೆ ಪೆಡಲ್ ಕಲ್ಲಿನ ಹಾಗೆ. ಇದು ಮೊದಲನೆಯದು. ಎರಡನೆಯದು, ಬ್ರೇಕ್ ತುಳಿದಾಗ ಕಾರು ಎಡಕ್ಕೆ ಎಳೆಯುತ್ತಿತ್ತು. ಮೂರನೆಯದು ಎಲ್ಲರನ್ನೂ ಹೆದರಿಸಿದ್ದು. ಒಮ್ಮೆ ಮಡಿಕೇರಿಯಿಂದ ಇಳಿಯುವಾಗ, ಮದೆನಾಡು ದಾಟಿ ಜೋಡುಪಾಲಕ್ಕೆ ಮುಟ್ಟುವ ಮೊದಲು, ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಪಂಪ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ ಹೇಗೋ ಬದಿಗೆ ನಿಲ್ಲಿಸಿದರು. ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಸ್ವಲ್ಪ ಹೊತ್ತು ಕೂತು ಚಾ ಕುಡಿದು ಬಂದು ನೋಡಿದರೆ ಪೆಡಲ್ ಮೊದಲಿನ ಹಾಗೆ ಮೇಲೆಯೇ ಇತ್ತು! ಮನೆಗೆ ಬರುವವರೆಗೆ ಏನೂ ಆಗಲಿಲ್ಲ.

ಮರುದಿನ ಗರಾಜಿನಲ್ಲಿ ಬ್ರೇಕ್ ಲೈನಿನ ಏರ್ ತೆಗೆಸಿದರು. ಹೆಚ್ಚೇನೂ ಏರ್ ಬರಲಿಲ್ಲ. ಸೋರಿಕೆಯೂ ಕಾಣಲಿಲ್ಲ. ತೀರ್ಮಾನ ತಾನಾಗಿ ಬಂತು: ಅರವತ್ತರ ಕಾಲದ ಬ್ರೇಕು, ಇಷ್ಟೇ ಇದರ ಯೋಗ್ಯತೆ, ದೊಡ್ಡದು ಹಾಕಬೇಕು.

ಮೊದಲ ಸುತ್ತು

ಒಂದು ಬದಿಗೆ ಎರಡೆರಡು ಪಿಸ್ಟನ್ ಇರುವ, ಒಟ್ಟು ನಾಲ್ಕರ ಕ್ಯಾಲಿಪರ್ ಎಂಜಿಬಿಗೆ ಹಾಕುವ ಪದ್ಧತಿ ಹೊರದೇಶಗಳಲ್ಲಿ ಇದ್ದದ್ದೇ. ಮಾಲೀಕರು ತರಿಸಿದ್ದು ಈ ಕಾರಿಗೆಂದೇ ಮಾಡಿದ ಕಿಟ್ ಅಲ್ಲ. ಬೇರೊಂದು ಭಾರದ ಕಾರಿನ ಹಳೆಯ ಕ್ಯಾಲಿಪರನ್ನು ರಿಪೇರಿ ಮಾಡಿ, ಕೆಂಪು ಬಣ್ಣ ಬಳಿದು, ಬ್ರ್ಯಾಕೆಟ್ ಸೇರಿಸಿ ಮಾರುತ್ತಿದ್ದರು. ಸುಂಕ ಎಲ್ಲ ಸೇರಿ ಎಪ್ಪತ್ತು ಸಾವಿರ ದಾಟಿತು.

ಚಕ್ರದ ಒಳಗೆ ಇದು ಹಿಡಿಸುತ್ತದೋ ಎಂಬ ಸಂಶಯ ಇಚ್ಚರಿಗೆ. ಅವರು ಅದನ್ನು ಪರೀಕ್ಷಿಸಿದ ಕ್ರಮ ನೋಡಬೇಕಿತ್ತು. ಮನೆಯಿಂದ ಕಲಸಿ ತಂದ ಮೈದಾ ಹಿಟ್ಟನ್ನು ಕ್ಯಾಲಿಪರಿನ ಹೊರಮೈಗೆ ದಪ್ಪಕ್ಕೆ ಮೆತ್ತಿ, ಚಕ್ರ ಕೂರಿಸಿ ನಟ್ಟು ಬಿಗಿದು, ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಚಕ್ರ ಬಿಚ್ಚಿ, ಅತಿ ತೆಳುವಾಗಿ ಸವರಿಹೋದ ಜಾಗದಲ್ಲಿ ಬ್ಲೇಡಿನಿಂದ ಹಿಟ್ಟು ಕೊಯ್ದು ದಪ್ಪ ಅಳೆದರು. ಮೂರು ಮಿ.ಮೀ. ಉಳಿದಿತ್ತು. ಅದಕ್ಕಿಂತ ಕಡಿಮೆ ಬಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಆಮೇಲೆ ಕೇಳಿದೆ. "ಕ್ಯಾಲಿಪರಿಗೆ ನಾನು ಗ್ರೈಂಡರ್ ಹಚ್ಚುವುದಿಲ್ಲ. ಬೇರೆ ಕಡೆ ಹಚ್ಚಿಸಿಕೊಂಡು ಬಂದರೆ ಕಟ್ಟಿ ಕೊಡುವುದೂ ಇಲ್ಲ" ಎಂದರು.

ಡಿಸ್ಕ್ ಹಳೆಯದೇ. ರಬ್ಬರ್ ಹೋಸ್ ಹೊರಗಿಂದ ಒಳ್ಳೆಯದಾಗಿಯೇ ಕಂಡದ್ದರಿಂದ ಅದೂ ಹಳೆಯದೇ. ಬ್ರೇಕ್ ಆಯಿಲ್ ಮಾತ್ರ ಪೂರ್ತಿ ಹೊಸದು. ಕ್ಯಾಲಿಪರ್ ಬಿಚ್ಚಿದ ಮೇಲೆ ಅದು ಹೇಗೂ ಆಗಲೇಬೇಕಿತ್ತು.

ಕಾರು ಓಡಿಸಿದಾಗ ಮಾಲೀಕರಿಗೆ ಖುಷಿ. ಪೆಡಲ್ ಹಗುರವಾಗಿತ್ತು. ಮತ್ತೊಮ್ಮೆ ಮಡಿಕೇರಿಗೆ ಹೋಗಿ ಇಳಿದರು, ಪೆಡಲ್ ಕೆಳಗೆ ಹೋಗಲಿಲ್ಲ. ಅಲ್ಲಿಗೆ ಕ್ಯಾಲಿಪರಿನ ಹಣ ವಸೂಲಾಯಿತು ಎಂದೇ ಎಲ್ಲರೂ ಅಂದುಕೊಂಡರು. ಒಂದೇ ಸಲಕ್ಕೆ ಎರಡು ಬದಲಾವಣೆ ಆಗಿತ್ತು, ಒಂದಕ್ಕೆ ಮಾತ್ರ ಹೆಸರು ಬಂತು. ಹೀಗಾಗುವುದನ್ನು ಗರಾಜುಗಳಲ್ಲಿ ವರ್ಷಗಟ್ಟಲೆ ನೋಡಿದ್ದೇನೆ.

ಆದರೆ ಎಡಕ್ಕೆ ಎಳೆಯುವುದು ನಿಲ್ಲಲಿಲ್ಲ. ಪೆಡಲ್ ಮೊದಲಿಗಿಂತ ಹೆಚ್ಚು ಆಳಕ್ಕೆ ಹೋಗತೊಡಗಿತು. ಜೂನಿನ ಮೊದಲ ಮಳೆಗೆ ಕುಂಬಳೆ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಎದುರಿನ ಆಟೋ ಫಕ್ಕನೆ ನಿಂತಾಗ ಮುಂದಿನ ಎರಡೂ ಚಕ್ರ ಲಾಕ್ ಆಗಿ, ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಜಾರಿತು. ಆಟೋದ ಹಿಂದೆ ಒಂದು ಗೇಣು ಬಾಕಿ ಇದ್ದಾಗ ನಿಂತಿತಂತೆ.

ಚೀಟಿಯ ಹಿಂದಿನ ಲೆಕ್ಕ

ಪೆಡಲ್ ಆಳಕ್ಕೆ ಹೋಗುವುದಕ್ಕೆ ಮದ್ದು ಎಂದು ಯಾರೋ ಮಾಸ್ಟರ್ ಸಿಲಿಂಡರನ್ನು ಮುಕ್ಕಾಲು ಇಂಚಿನಿಂದ ಏಳೆಂಟನೇ (7/8) ಇಂಚಿಗೆ, ಅಂದರೆ 19ರಿಂದ 22 ಮಿ.ಮೀ.ಗೆ ಏರಿಸಲು ಹೇಳಿದ್ದರು. ಆರ್ಡರ್ ಮಾಡುವ ಮೊದಲು ಇಚ್ಚರು ನನಗೆ ಫೋನ್ ಮಾಡಿಸಿದರು. ಈ ಪ್ರಕರಣದ ಮೊದಲ ತಿರುವು ಆ ಫೋನು. ಮಾಲೀಕರಿಗೆ ಅದು ಇಷ್ಟವಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಅಡಿಕೆ ಮಾರಿದ ಚೀಟಿಯ ಹಿಂದೆ ಲೆಕ್ಕ ಹಾಕಿದೆವು. ಹಳೆಯ ಕ್ಯಾಲಿಪರಿನಲ್ಲಿ ಬದಿಗೊಂದು ಪಿಸ್ಟನ್, ವ್ಯಾಸ ಸುಮಾರು 54 ಮಿ.ಮೀ. ವಿಸ್ತೀರ್ಣ 2290 ಚದರ ಮಿ.ಮೀ. ಹೊಸದರಲ್ಲಿ ಬದಿಗೆರಡು, ಒಂದೊಂದು 44 ಮಿ.ಮೀ. ಎರಡೂ ಸೇರಿ 3041. ಮೂರನೇ ಒಂದು ಭಾಗ ಜಾಸ್ತಿ. ಪೆಡಲ್ ಹಗುರಾದದ್ದು ಇದರಿಂದ. ಆದರೆ ದೊಡ್ಡ ಪಿಸ್ಟನನ್ನು ಮುಂದೆ ತಳ್ಳಲು ಆಯಿಲೂ ಅಷ್ಟೇ ಜಾಸ್ತಿ ಬೇಕು, ಅದನ್ನು ಕೊಡಬೇಕಾದದ್ದು ಅದೇ ಮುಕ್ಕಾಲು ಇಂಚಿನ ಮಾಸ್ಟರು. ಹಾಗಾಗಿ ಕಾಲು ಆಳಕ್ಕೆ ಹೋಗುತ್ತದೆ. ಹೈಡ್ರಾಲಿಕ್ಸಿನಲ್ಲಿ ಬಲವಾಗಿ ಸಿಕ್ಕಿದ್ದನ್ನು ದೂರವಾಗಿ ಕೊಟ್ಟೇ ತೀರಬೇಕು.

ಈಗ ಮಾಸ್ಟರನ್ನು ಏಳೆಂಟನೇ ಇಂಚಿಗೆ ಏರಿಸಿದರೆ? ಅದರ ವಿಸ್ತೀರ್ಣ 285ರಿಂದ 388ಕ್ಕೆ ಏರುತ್ತದೆ, 1.36 ಪಟ್ಟು. ಕ್ಯಾಲಿಪರ್ ಕೊಟ್ಟಿದ್ದು 1.33 ಪಟ್ಟು. ಒಂದನ್ನೊಂದು ನುಂಗಿ ಹಾಕಿದರೆ ಪೆಡಲಿನ ಭಾರ ಮೊದಲು ಎಷ್ಟಿತ್ತೋ ಅಲ್ಲಿಗೇ ಬಂದು, ಒಂದು ಕೂದಲೆಳೆ ಹೆಚ್ಚೇ ಆಗುತ್ತದೆ. ಮಾಲೀಕರು ಆ ಎರಡು ಅಂಕೆಗಳನ್ನು ಬಹಳ ಹೊತ್ತು ನೋಡಿದರು.

ಇನ್ನೂ ಒಂದು ಸಂಗತಿ ಇತ್ತು, ಅದು ಕೆಟ್ಟದ್ದು. ಮಾಸ್ಟರ್ ದೊಡ್ಡದಾದರೆ ಅದೇ ಕಾಲಿನ ಬಲಕ್ಕೆ ಲೈನಿನ ಒತ್ತಡ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಮುಂದೆ ದೊಡ್ಡ ಪಿಸ್ಟನ್ ಇರುವುದರಿಂದ ಅಲ್ಲಿ ಸರಿದೂಗುತ್ತದೆ. ಹಿಂದಿನ ಶೂವನ್ನು ತಳ್ಳುವ ವೀಲ್ ಸಿಲಿಂಡರ್ ಹಳೆಯದೇ, ಅದಕ್ಕೆ ಸಿಗುವುದು ಖೋತಾ ಆದ ಒತ್ತಡ ಮಾತ್ರ. ಮುಂದಿನ ಚಕ್ರ ಮಳೆಗೆ ಲಾಕ್ ಆಗುವ ಕಾರಿನಲ್ಲಿ ಹಿಂದಿನ ಬ್ರೇಕನ್ನು ಇನ್ನಷ್ಟು ಕುಗ್ಗಿಸಿದಂತೆ. ಡಾಂಬರು ಒಣಗಿದ್ದಾಗ ಇಂಥ ಕಾರನ್ನು ಜೋರಾಗಿ ನಿಲ್ಲಿಸಿದರೆ ಭಾರ ಮುಂದಕ್ಕೆ ವಾಲಿದ ಮೇಲೂ ಸುಮಾರು ಮೂರನೇ ಒಂದು ಭಾಗ ಹಿಂದಿನ ಚಕ್ರಗಳ ಮೇಲೆ ಇರುತ್ತದೆ. ಅಷ್ಟು ಕೆಲಸವನ್ನು ಅವು ಮಾಡಲೇಬೇಕು. ಮಾಡದಿದ್ದರೆ ಮುಂದಿನವು ತಮ್ಮ ಪಾಲಿನ ಒಂದೂವರೆ ಪಟ್ಟು ಬಿಸಿ ನುಂಗಬೇಕು.

ಆರ್ಡರ್ ನಿಂತಿತು.

ಅಕ್ಕ ಹೇಳಿದ್ದು

ಕೇಳುವುದನ್ನು ಮೊದಲಿನಿಂದ ಶುರು ಮಾಡಿದೆವು. ಘಾಟಿಯಲ್ಲಿ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲಲಿಲ್ಲವೋ, ಪೆಡಲೇ ಮೆತ್ತಗಾಯಿತೋ? ಇವೆರಡು ಬೇರೆ ಬೇರೆ ಕಾಯಿಲೆ. ಪ್ಯಾಡ್ ಕಾದು ಹಿಡಿತ ಬಿಟ್ಟರೆ ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತಿರುತ್ತದೆ, ಎಷ್ಟು ತುಳಿದರೂ ಕಾರು ಕೇಳುವುದಿಲ್ಲ. ಆಯಿಲ್ ಕುದಿದರೆ ಅದರೊಳಗೆ ಆವಿಯ ಗುಳ್ಳೆ ಏಳುತ್ತದೆ, ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಕಾಲು ಕೆಳಗೆ ಹೋಗುತ್ತದೆ. ತಣಿದ ಮೇಲೆ ಆವಿ ಮತ್ತೆ ನೀರಾಗಿ ಪೆಡಲ್ ಸರಿಹೋಗುತ್ತದೆ. ಮಾಲೀಕರು ಹೇಳಿದ್ದು ಅಕ್ಷರಶಃ ಎರಡನೆಯದು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು. ಡಾಟ್ 3 ಎಂಬ ದರ್ಜೆಯದ್ದು ಹೊಸದಿರುವಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದ ಮೇಲೆ ಅದರ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕೆಗಳು 230 ಮತ್ತು 155. ವರ್ಷದ ನಾಲ್ಕೈದು ತಿಂಗಳು ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ, ಯಾವ ಕಾಲಕ್ಕೆ ಹಾಕಿದ್ದೆಂದು ಯಾರಿಗೂ ಗೊತ್ತಿಲ್ಲದ ಆಯಿಲ್ ಆ ಕಾರಿನಲ್ಲಿತ್ತು. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ. ಇಬ್ಬರು ಕೂತ 1100 ಕಿಲೋ ಕಾರು ಅಲ್ಲಿಂದ 900 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ, ಅದೇ ಕಾರನ್ನು ಗಂಟೆಗೆ 60 ಕಿ.ಮೀ. ವೇಗದಿಂದ ಅರವತ್ತಕ್ಕೂ ಹೆಚ್ಚು ಸಲ ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಗಾಳಿ ಮತ್ತು ಎಂಜಿನ್ ಸ್ವಲ್ಪ ಹಂಚಿಕೊಳ್ಳುತ್ತವೆ, ಉಳಿದದ್ದೆಲ್ಲ ಬ್ರೇಕಿನದ್ದು.

"ಯಾವ ಗೇರಿನಲ್ಲಿ ಇಳಿದಿರಿ?" ಎಂದು ಕೇಳಿದೆ. ಓವರ್‌ಡ್ರೈವ್ ಹಾಕಿಕೊಂಡೇ ಇಳಿದಿದ್ದರು. ಪೆಟ್ರೋಲ್ ಉಳಿಯಲಿ ಎಂದು. ಇಚ್ಚರು ಅಲ್ಲೇ ತಲೆ ಚಚ್ಚಿಕೊಂಡರು. ಏರಿದ ಗೇರಿನಲ್ಲೇ ಇಳಿಯಬೇಕು ಎಂಬುದು ಲಾರಿ ಕ್ಲೀನರನಿಗೂ ಗೊತ್ತಿರುವ ಸಂಗತಿ.

ಎರಡನೇ ತಿರುವು ಯಾರೂ ಎಣಿಸದ ಕಡೆಯಿಂದ ಬಂತು. ಚಾ ತಂದಿಟ್ಟ ಮಾಲೀಕರ ಹೆಂಡತಿ ಸುಮ್ಮನೆ ಒಂದು ಮಾತು ಸೇರಿಸಿದರು. ವಾರಕ್ಕೊಮ್ಮೆ ಪೇಟೆಗೆ ಈ ಕಾರು ಒಯ್ಯುವವರು ಅವರೇ.

"ಮಾಷ್ಟ್ರೇ, ಒಮ್ಮೆ ತುಳಿದರೆ ಕೆಳಗೆ ಹೋಗ್ತದೆ. ಬಿಟ್ಟು ತಕ್ಷಣ ಇನ್ನೊಮ್ಮೆ ತುಳಿದರೆ ಮೇಲೆಯೇ ಸಿಗ್ತದೆ. ಕ್ಯಾಲಿಪರ್ ಹಾಕುವ ಮೊದಲೂ ಹಾಗೇ ಇತ್ತು. ನಾನು ಯಾವಾಗಲೂ ಎರಡು ಸಲ ತುಳಿಯುವುದು."

ಇಚ್ಚರು ಗ್ಲಾಸು ಕೆಳಗಿಟ್ಟರು. "ಅಕ್ಕ, ಇದನ್ನು ನೀವು ಮೊದಲೇ ಯಾಕೆ ಹೇಳಲಿಲ್ಲ?"

"ನನ್ನನ್ನು ಯಾರು ಕೇಳಿದ್ದು?"

ಎರಡನೇ ತುಳಿತಕ್ಕೆ ಪೆಡಲ್ ಮೇಲೆ ಸಿಗುವುದು ಹಿಂದಿನ ಶೂ ಡ್ರಮ್ಮಿನಿಂದ ದೂರ ಸರಿದು ನಿಂತಿದೆ ಎಂಬುದರ ಹಳೆಯ ಲಕ್ಷಣ. ಮೊದಲ ತುಳಿತದ ಆಯಿಲ್ ಶೂವನ್ನು ಡ್ರಮ್ಮಿನ ಹತ್ತಿರ ತರುವುದರಲ್ಲೇ ಮುಗಿಯುತ್ತದೆ. ಶೂ ಹಿಂದೆ ಸರಿಯುವ ಮೊದಲೇ ಎರಡನೆಯದು ಬಿದ್ದರೆ ಹಿಡಿಯುತ್ತದೆ. ಇದೇ ಎಂದು ಖಚಿತವಾಗಿ ಹೇಳುವ ಮೊದಲು ಬೇರೆ ಕಾರಣಗಳನ್ನೂ ನೋಡಬೇಕು, ಆದರೆ ಹುಡುಕಾಟ ಹಿಂದಿನ ಚಕ್ರದಿಂದ ಶುರುವಾಗಬೇಕು ಎಂಬುದು ಆ ಚಾದ ಹೊತ್ತಿಗೇ ತೀರ್ಮಾನವಾಯಿತು.

ಡ್ರಮ್ಮಿನೊಳಗೆ

ಬಿಚ್ಚುವ ಮೊದಲು ಒಂದು ಸುತ್ತು ಓಡಿಸಿ, ಮನೆ ಹತ್ತಿರದ ಪಾರೆಯ ಮೇಲೆ ನಿಲ್ಲಿಸಿ, ಗನ್ ಥರ್ಮಾಮೀಟರಿನಲ್ಲಿ ನಾಲ್ಕೂ ಚಕ್ರ ನೋಡಿದೆ. ಹೊಳೆಯುವ ಡಿಸ್ಕಿನ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಎಡಬಲ ಹೋಲಿಸಲು ಮಾತ್ರ ಅದನ್ನು ನಂಬಬೇಕು. ಬಲ ಮುಂದಿನದು 190, ಎಡ ಮುಂದಿನದು 120. ಹಿಂದಿನ ಡ್ರಮ್ಮುಗಳು ಬಿಸಿಲಿಗೆ ಕಾದಷ್ಟೇ. ಡ್ರಮ್ಮಿನ ಮೇಲೆ ಕೈ ಇಟ್ಟುಕೊಂಡೇ ಇರಬಹುದಿತ್ತು.

ಡ್ರಮ್ ಬಿಚ್ಚಿದಾಗ ಎಡಗಡೆಯ ಶೂ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಮೂಸಿದರೆ ಆಕ್ಸಲ್ ಆಯಿಲಿನ ಆ ಗಂಧಕದ ವಾಸನೆ. ಆಕ್ಸಲ್ ಸೀಲ್ ಸೋರಿ ಲೈನರು ವರ್ಷಗಟ್ಟಲೆ ಎಣ್ಣೆ ಕುಡಿದಿತ್ತು. ಬಲಗಡೆ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಅಲುಗಾಡದೆ ಕೂತಿತ್ತು. ಎರಡೂ ಬದಿಯ ಅಡ್ಜಸ್ಟರ್ ಜಾಮ್. ಈ ಕಾರಿನ ಅಡ್ಜಸ್ಟರ್ ಪ್ಲೇಟಿನ ಹಿಂದೆ ಇರುವ ಸಣ್ಣ ಚೌಕ ತಲೆಯ ಬೋಲ್ಟು, ಅದಕ್ಕೆ ಅದರದ್ದೇ ಚೌಕ ಸ್ಪ್ಯಾನರ್ ಬೇಕು. ಹಿಂದೆ ಯಾರೋ ಇಕ್ಕುಳ ಹಾಕಿ ತಿರುಗಿಸಲು ಹೋಗಿ ಮೂಲೆಗಳನ್ನು ದುಂಡಗೆ ಮಾಡಿಬಿಟ್ಟಿದ್ದರು. ಹಿಂದಿನ ಬ್ರೇಕ್ ಎಂಬುದು ಹೆಸರಿಗಷ್ಟೇ ಇತ್ತು. ಘಾಟಿಯ ಪೂರ್ತಿ ಬಿಸಿ ಮುಂದಿನ ಎರಡು ಡಿಸ್ಕಿನ ಮೇಲೆ, ಅದರಲ್ಲೂ ಬಲದ್ದರ ಮೇಲೆ ಬಿದ್ದಿತ್ತು.

ಬಲದ್ದಕ್ಕೇ ಯಾಕೆ ಹೆಚ್ಚು? ತುಳಿದಾಗ ಎಡಕ್ಕೆ ಎಳೆಯುತ್ತದೆ ಎಂದು ಮಾಲೀಕರು ಹೇಳಿದ್ದರು. ಬಿಟ್ಟ ಮೇಲೆ ಸ್ವಲ್ಪ ಹೊತ್ತು ಬಲಕ್ಕೆ ಎಳೆಯುತ್ತದೋ ಎಂದು ಕೇಳಿದರೆ, ಹೌದು. ಹೋಸಿನ ಒಳಪದರ ಉಬ್ಬಿ ದಾರಿ ಕಟ್ಟಿದ್ದರೆ ಹೀಗೇ ಆಗುವುದು. ತುಳಿದಾಗ ಒತ್ತಡ ಆ ಚಕ್ರಕ್ಕೆ ತಡವಾಗಿ ಮುಟ್ಟುತ್ತದೆ, ಬಿಟ್ಟಾಗ ತಡವಾಗಿ ಹಿಂದೆ ಬರುತ್ತದೆ, ಆ ಹೊತ್ತಿಡೀ ಪ್ಯಾಡ್ ಡಿಸ್ಕನ್ನು ಉಜ್ಜುತ್ತ ಇರುತ್ತದೆ. ಇಚ್ಚರು ಬಲಗಡೆಯ ಹೋಸ್ ಬಿಚ್ಚಿ ಸೈಕಲ್ ಕಡ್ಡಿ ತೂರಿಸಿದರು. ಅರ್ಧಕ್ಕೇ ನಿಂತಿತು. ಉದ್ದಕ್ಕೆ ಸೀಳಿ ಮೇಜಿನ ಮೇಲಿಟ್ಟರು. ಹೊರಗೆ ಒಂದು ಬಿರುಕಿಲ್ಲ, ಒಳಗೆ ರಬ್ಬರು ಊದಿ ಸೂಜಿ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ಎಪ್ಪತ್ತು ಸಾವಿರದ ಕ್ಯಾಲಿಪರಿಗೆ ಆಯಿಲ್ ಹೋಗುತ್ತಿದ್ದದ್ದು ಈ ದಾರಿಯಲ್ಲಿ.

ಆಕ್ಸಲ್ ಮೇಲಿನ ಸ್ಟೀಲ್ ಪೈಪಿನ ಕ್ಲಿಪ್ ಎತ್ತಿ ಸ್ಕ್ರೂಡ್ರೈವರಿನಿಂದ ಕೆರೆದರೆ ತುಕ್ಕು ಪದರಪದರವಾಗಿ ಎದ್ದು ಬಂತು. ಸಿಂಗಲ್ ಸರ್ಕ್ಯೂಟಿನ ಕಾರಿನಲ್ಲಿ ಅದನ್ನು ನೋಡಿದ ಮೇಲೆ ಉಳಿದ ಚರ್ಚೆಯನ್ನು ಬದಿಗಿಟ್ಟು ಮೊದಲು ಪೈಪಿನ ಕೆಲಸ ಶುರು ಮಾಡಿದೆವು.

ಯಾವುದನ್ನು ಇಟ್ಟುಕೊಳ್ಳುವುದು

ಹಿಂದಿನದ್ದನ್ನು ಸರಿಮಾಡಿ, ಹೋಸ್ ಬದಲಿಸಿ, ನಾಲ್ಕು ಪಿಸ್ಟನ್ನಿನದ್ದನ್ನು ಹಾಗೆಯೇ ಇಟ್ಟುಕೊಳ್ಳೋಣ ಎಂಬುದು ಮಾಲೀಕರ ಆಸೆ. ತಪ್ಪೇನೂ ಅಲ್ಲ. ಪಿಸ್ಟನ್ ಗಾತ್ರ ಹೊಂದಿಸಿ ಮಾಡಿದ ಕಿಟ್ ಆಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. 38 ಮಿ.ಮೀ.ನ ಎರಡು ಪಿಸ್ಟನ್ ಇದ್ದರೆ ವಿಸ್ತೀರ್ಣ ಹೆಚ್ಚುಕಡಿಮೆ 54ರ ಒಂದಕ್ಕೇ ಸಮವಾಗುತ್ತದೆ, ಪ್ಯಾಡ್ ಮಾತ್ರ ಉದ್ದವಾಗಿ ಸಿಗುತ್ತದೆ. ಇವರದ್ದು 44. ಮುಂದಿನ ಚಕ್ರದ ಪಾಲು ಮೂರನೇ ಒಂದರಷ್ಟು ಹೆಚ್ಚಿಯೇ ಇರುತ್ತದೆ, ಮಳೆಗಾಲದ ನಮ್ಮ ರಸ್ತೆಗೆ ಅದು ಸಲ್ಲದು. ಡಿಸ್ಕ್ ಅದೇ ಹಳೆಯದ್ದಾದ್ದರಿಂದ ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಹೆಚ್ಚಿರಲಿಲ್ಲ.

ಕಾನೂನಿನ ಮಾತೂ ಬಂತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಹೋಗಬೇಕಾದ ಕಾರಿಗೆ ಕೆಂಪು ಕ್ಯಾಲಿಪರ್ ದೂರದಿಂದಲೇ ಪ್ರಶ್ನೆ ಕೇಳಿಸುತ್ತದೆ.

ಕೊನೆಗೆ ಮಾಲೀಕರು ಒಪ್ಪಿದ್ದು ಲೆಕ್ಕಕ್ಕೂ ಅಲ್ಲ, ಕಾನೂನಿಗೂ ಅಲ್ಲ. ಇಚ್ಚರು ಹಳೆಯ ಕ್ಯಾಲಿಪರನ್ನು ಬಿಚ್ಚಿ ತೊಳೆದು, ತುಕ್ಕು ಹಿಡಿದ ಪಿಸ್ಟನನ್ನು ಅವರ ಕೈಗಿಟ್ಟು, ಬೆರಳಿನ ಉಗುರು ಆಡಿಸಲು ಹೇಳಿದರು. ಉಗುರು ಗುಂಡಿಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. "ಇದು ಒಳಗೆ ಹೀಗಿದ್ದರೆ ಹೋಗಿ ಬರುವುದು ಹೇಗೆ ಮಾರಾಯ್ರೆ? ಈ ಬ್ರೇಕು ಸರಿ ಇದ್ದಾಗ ಹೇಗಿತ್ತು ಎಂದು ನೀವೂ ನೋಡಲಿಲ್ಲ, ನಾನೂ ನೋಡಲಿಲ್ಲ. ಒಮ್ಮೆ ನೋಡುವ. ಸಾಲದಿದ್ದರೆ ಆ ಕೆಂಪು ಎಲ್ಲಿಗೂ ಓಡಿಹೋಗುವುದಿಲ್ಲ."

ಹಾಗೆ ಎರಡನೇ ಸುತ್ತು. ಮೂಲ ಕ್ಯಾಲಿಪರಿಗೆ ಸ್ಟೇನ್‌ಲೆಸ್ ಪಿಸ್ಟನ್, ಹೊಸ ಸೀಲು. ಮೂರೂ ಹೋಸ್ ಹೊಸದು. ವೀಲ್ ಸಿಲಿಂಡರ್, ಶೂ, ಆಕ್ಸಲ್ ಸೀಲ್, ಅಡ್ಜಸ್ಟರ್ ಹೊಸದು. ಡ್ರಮ್ಮುಗಳಿಗೆ ಲೇತಿನಲ್ಲಿ ತೆಳುವಾಗಿ ಒಂದು ಕಟ್. ಪೈಪಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹ. ಎಸಿ ಮೆಕ್ಯಾನಿಕ್ಕಿನ ಹತ್ತಿರ ಸಿಗುವ ಬರಿ ತಾಮ್ರದ ಕೊಳವೆ ಹಾಕಿದರಾಯಿತು ಎಂದು ಒಬ್ಬರ ಸಲಹೆ ಇತ್ತು. ಬರಿ ತಾಮ್ರ ಅಲುಗಾಟಕ್ಕೆ ಕ್ರಮೇಣ ಗಡುಸಾಗಿ ಬಿರಿಯುತ್ತದೆ, ಬ್ರೇಕಿಗೆ ಅದನ್ನು ಯಾವತ್ತೂ ಹಾಕಬಾರದು. ಪ್ಯಾಡ್ ರಸ್ತೆಗೆಂದೇ ಇರುವ ಮಾಮೂಲು ಮಿಶ್ರಣದ್ದು. ರೇಸಿನ ಪ್ಯಾಡ್ ಕಾದ ಮೇಲೆ ಹಿಡಿಯುತ್ತದೆ, ಬೆಳಿಗ್ಗೆ ಗೇಟಿನಿಂದ ಹೊರಬರುವಾಗಲೇ ಎದುರಿಗೆ ದನ ಬಂದರೆ ಅದು ಕೆಲಸಕ್ಕೆ ಬರುವುದಿಲ್ಲ.

ಆಯಿಲಿನ ಬಗ್ಗೆ ಸ್ವಲ್ಪ ಎಳೆದಾಟವಾಯಿತು. ಪೈಂಟ್ ಹಾಳು ಮಾಡುವುದಿಲ್ಲ, ತೇವ ಹೀರುವುದಿಲ್ಲ ಎಂದು ಮಾಲೀಕರಿಗೆ ಸಿಲಿಕೋನಿನ ಡಾಟ್ 5ರ ಮೇಲೆ ಕಣ್ಣು. ಅದು ತೇವ ಹೀರುವುದಿಲ್ಲ ನಿಜ, ಆದರೆ ಒಳಗೆ ಹೊಕ್ಕ ನೀರು ಬೆರೆಯದೆ ತಗ್ಗಿನಲ್ಲಿ, ಅಂದರೆ ಕ್ಯಾಲಿಪರಿನ ಬುಡದಲ್ಲಿ ನಿಲ್ಲುತ್ತದೆ. ಅಲ್ಲೇ ತುಕ್ಕು, ಅಲ್ಲೇ ಕುದಿತ. ಗುಳ್ಳೆಯನ್ನೂ ಅದು ಸುಲಭಕ್ಕೆ ಬಿಡುವುದಿಲ್ಲ. ಡಾಟ್ 4 ಹಾಕಿ ಕಾಲಕಾಲಕ್ಕೆ ಬದಲಿಸುವುದೆಂದಾಯಿತು. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಡ್ರಮ್ ಬಿಚ್ಚಿ ನೋಡುವುದು, ಮಳೆಯ ತೇವ ಹೀರಿ ಮುಗಿದ ಮೇಲೆ ದೀಪಾವಳಿಗೆ ಆಯಿಲ್ ಬದಲಿಸುವುದು.

ಇಷ್ಟಕ್ಕೂ ಆದ ಖರ್ಚು ಕ್ಯಾಲಿಪರಿಗೆ ಕೊಟ್ಟದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಆದದ್ದು

ಕಾರು ನೇರ ನಿಲ್ಲತೊಡಗಿತು. ಪಾರೆಯ ಮೇಲೆ ಅದೇ ಥರ್ಮಾಮೀಟರಿನಲ್ಲಿ ಮುಂದಿನ ಎರಡು ಡಿಸ್ಕಿನ ನಡುವೆ ಹತ್ತು ಡಿಗ್ರಿಯ ವ್ಯತ್ಯಾಸವೂ ಇರಲಿಲ್ಲ, ಹಿಂದಿನ ಡ್ರಮ್ ಕೈ ಇಡಲಾಗದಷ್ಟು ಬಿಸಿ. ಪೆಡಲ್ ಒಂದೇ ತುಳಿತಕ್ಕೆ ಮೇಲೆ ಸಿಕ್ಕಿತು. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಲಾಕ್ ಆಗುವುದು ತೀರಾ ತಡವಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಟಯರ್ ಬದಿಯ ನಾಲ್ಕಂಕಿಯ ವಾರ-ವರ್ಷದ ಗುರುತು ನೋಡಿದರೆ ಎಂಟು ವರ್ಷ ದಾಟಿದ ರಬ್ಬರು. ಹೂವು ಚೆನ್ನಾಗಿಯೇ ಇದ್ದದ್ದರಿಂದ ಯಾರೂ ಗಮನಿಸಿರಲಿಲ್ಲ. ಟಯರ್ ಬದಲಿಸಿದ ಮೇಲೆ ಆ ದೂರೂ ಹೋಯಿತು.

ಮಳೆ ಕಳೆದು ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ದಾರಿಯಾಗಿ ಮಡಿಕೇರಿಗೆ ಹೋಗಿ ಇಳಿದರು, ಇಚ್ಚರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಓವರ್‌ಡ್ರೈವ್ ಸ್ವಿಚ್ಚಿನ ಮೇಲೆ ಇಚ್ಚರು ಮೊದಲೇ ಇನ್ಸುಲೇಶನ್ ಟೇಪ್ ಸುತ್ತಿದ್ದರು. ಮೂರನೇ ಗೇರು, ತಿರುವಿನಲ್ಲಿ ಎರಡು. ಸಂಪಾಜೆಯಲ್ಲಿ ನಿಲ್ಲಿಸಿದಾಗ ವಾಸನೆ ಇರಲಿಲ್ಲ, ಪೆಡಲ್ ಹೊರಟಾಗಿನ ಎತ್ತರದಲ್ಲೇ ಇತ್ತು.

ಉಳಿದದ್ದು ಪೆಡಲಿನ ಗಡಸುತನ. ಮಾಲೀಕರಿಗೆ ಅಷ್ಟರಲ್ಲಿ ಅದು ಅಭ್ಯಾಸವಾಗಿತ್ತು, ಹಳೆಯ ಕಾರಿನ ಗತ್ತು ಎಂದು ಹೇಳಿಕೊಳ್ಳುತ್ತಲೂ ಇದ್ದರು. ಅವರ ಹೆಂಡತಿಗೆ ಆಗಿರಲಿಲ್ಲ. ಈ ಸಲ ಅವರನ್ನು ಕೇಳಿದೆವು. "ನಿಲ್ತದೆ, ಸರಿ. ಆದರೆ ಪೇಟೆಯ ಬ್ಲಾಕಿನಲ್ಲಿ ಮೊಣಕಾಲು ನೋಯ್ತದೆ" ಎಂದರು. ಬೂಸ್ಟರ್ ಹಾಕಿದರೆ ಕಾರು ಬೇಗ ನಿಲ್ಲುವುದಿಲ್ಲ, ಕಾಲಿಗೆ ಸುಲಭವಾಗುತ್ತದೆ ಅಷ್ಟೆ. ಈ ಮಾದರಿಗೆ ಕಂಪನಿಯೇ ನಂತರದ ವರ್ಷಗಳಲ್ಲಿ ಬೂಸ್ಟರ್ ಕೊಟ್ಟಿತ್ತು, ಅದೇ ಬಗೆಯದ್ದನ್ನು ಲೈನಿನ ಮಧ್ಯೆ ಸೇರಿಸಿದೆವು. ಮುಂದೆ ಹಿಂದೆ ಎರಡಕ್ಕೂ ಸಮನಾಗಿ ಒತ್ತಡ ಏರಿಸುವುದರಿಂದ ಹದ ಕೆಡಲಿಲ್ಲ. ಇಡೀ ಪ್ರಕರಣದಲ್ಲಿ ಅಪ್‌ಗ್ರೇಡ್ ಎಂದು ಕರೆಯಬಹುದಾದದ್ದು ಇದೊಂದೇ, ಅದನ್ನೂ ಕೊನೆಗೆ ಮಾಡಿದ್ದರಿಂದ ಲಾಭವಾಯಿತು. ಮೊದಲೇ ಹಾಕಿದ್ದರೆ ಹಿಂದಿನ ಡ್ರಮ್ ಕೆಲಸ ಮಾಡದಿರುವುದು ಪೆಡಲಿನ ಹಗುರತನದಲ್ಲಿ ಇನ್ನೂ ಒಂದೆರಡು ವರ್ಷ ಮುಚ್ಚಿಹೋಗುತ್ತಿತ್ತು.

ಸಿಂಗಲ್ ಸರ್ಕ್ಯೂಟಿನ ಪ್ರಶ್ನೆ ಬಾಕಿ ಇದೆ. ನಂತರದ ವರ್ಷಗಳ ಎಂಜಿಬಿಯ ಟ್ಯಾಂಡೆಮ್, ಅಂದರೆ ಎರಡು ಸರ್ಕ್ಯೂಟಿನ, ಮಾಸ್ಟರ್ ಹಾಕಬೇಕಾದರೆ ಪೆಡಲ್ ಬಾಕ್ಸನ್ನೂ ಬದಲಿಸಬೇಕು, ಬಲಗಡೆ ಸ್ಟೇರಿಂಗಿನದ್ದೇ ಸಿಗಬೇಕು, ಬೂಸ್ಟರಿನ ಜೋಡಣೆಯನ್ನೂ ಮತ್ತೆ ಯೋಚಿಸಬೇಕು. ನನ್ನ ಮಟ್ಟಿಗೆ ಅದು ಆಗಲೇಬೇಕಾದ ಕೆಲಸ. ಇಚ್ಚರಿಗೆ ಪೈಪ್, ಹೋಸ್ ಎಲ್ಲ ಹೊಸದಿರುವಾಗ ಅವಸರವಿಲ್ಲ, ಹ್ಯಾಂಡ್‌ಬ್ರೇಕ್ ಕೇಬಲ್ ಚೆನ್ನಾಗಿಟ್ಟುಕೊಂಡರೆ ಸದ್ಯಕ್ಕೆ ಸಾಕು ಎಂಬ ಅಭಿಪ್ರಾಯ. ಕೆಂಪು ಕ್ಯಾಲಿಪರುಗಳನ್ನು ಮಾರಿ ಆ ಹಣದಲ್ಲಿ ಟ್ಯಾಂಡೆಮ್ ತರಿಸುವುದೆಂದು ಮಾಲೀಕರು ಹೇಳಿದ್ದಾರೆ, ಗಿರಾಕಿ ಇನ್ನೂ ಸಿಕ್ಕಿಲ್ಲ.